ಚಿತ್ರಹಿಂಸೆ: ಯಾರ ಕೈಯಿಂದ, ಯಾತಕ್ಕಾಗಿ?

ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಚಿತ್ರಹಿಂಸೆ, ಕರೆಂಟು ಹೋದ ರಾತ್ರಿಯ ಸೊಳ್ಳೆ ಚಿತ್ರಹಿಂಸೆ. ಮಾತಿನಲ್ಲಿ ಇದೆಲ್ಲ ನಡೆಯುತ್ತದೆ. ‘ಟಾರ್ಚರ್ ಕೊಡಬೇಡ ಮಾರಾಯ’ ಅನ್ನದವರು ಯಾರಿದ್ದಾರೆ? ಆದರೆ ಮೊನ್ನೆ ಓದಿದ ಪುಟವೊಂದರಲ್ಲಿ, ಸಿರಿಯಾದ ಸೆರೆಮನೆಯಿಂದ ಜೀವ ಉಳಿಸಿಕೊಂಡು ಬಂದವರು ಹೇಳಿದ್ದನ್ನು ‘ಕಿರುಕುಳ’ ಎಂದು ಬರೆದಿದ್ದರು. ಅದೇ ಪುಟದ ಕೆಳಗೆ ರಸ್ತೆಗುಂಡಿಗೆ ‘ಚಿತ್ರಹಿಂಸೆ’ ಎಂಬ ತಲೆಬರಹ. ಇದನ್ನು ಎಷ್ಟು ಸಲ ಸಹಿಸುವುದು?

ಪದವನ್ನು ಬಿಡಿಸಿ ನೋಡೋಣ. ಇಲ್ಲಿರುವ ‘ಚಿತ್ರ’ಕ್ಕೂ ಪಟಕ್ಕೂ ಸಂಬಂಧವಿಲ್ಲ. ಇದು ಚಿತ್ರಾನ್ನದ ‘ಚಿತ್ರ’, ‘ವಿಚಿತ್ರ’ದ ‘ಚಿತ್ರ’: ಬಗೆಬಗೆಯ, ಹಲವು ಬಣ್ಣದ ಎಂದರ್ಥ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಮರಣದಂಡನೆ ಎರಡು ಥರ. ಒಂದು ಶುದ್ಧ, ಅಂದರೆ ಒಂದೇ ಏಟಿಗೆ ಮುಗಿಸುವುದು. ಇನ್ನೊಂದು ಚಿತ್ರ, ಅಂದರೆ ನಾನಾ ಬಗೆಯಲ್ಲಿ ನೋಯಿಸಿ ಕೊಲ್ಲುವುದು. ನಮ್ಮ ‘ಚಿತ್ರವಧೆ’ಯ ಬೇರು ಅಲ್ಲಿದೆ. ಅದನ್ನು ಕೊಡುವವನು ರಾಜ ಎಂಬುದನ್ನು ಗಮನದಲ್ಲಿಡಿ.

ಇನ್ನು ‘ಹಿಂಸೆ’. ಕೊಲ್ಲು ಎಂಬರ್ಥದ ‘ಹನ್’ ಧಾತುವಿನ ಇಚ್ಛಾರ್ಥಕ ರೂಪದಿಂದ ಇದು ಬಂದಿದೆ ಎಂದು ಭಾಷಾವಿದರು ವಿವರಿಸುತ್ತಾರೆ: ಹೊಡೆಯಬೇಕೆಂಬ ಬಯಕೆ. ಬರೀ ನೋವಲ್ಲ, ನೋಯಿಸುವ ಮನಸ್ಸು. ರಸ್ತೆಗುಂಡಿಗೆ ಮನಸ್ಸೆಲ್ಲಿದೆ?

ಕೌಟಿಲ್ಯನ ಅದೇ ಅಧಿಕರಣದಲ್ಲಿ ಆರೋಪಿಯ ವಿಚಾರಣೆಯ ಪ್ರಕರಣವೂ ಇದೆ. ಅಲ್ಲಿ ಬಾಯಿ ಬಿಡಿಸುವ ಹಿಂಸೆಗೆ ಇಟ್ಟ ಹೆಸರು ‘ಕರ್ಮ’. ಬರೀ ಕೆಲಸ! ಬಳಕೆಯಲ್ಲಿದ್ದ ಕರ್ಮಗಳನ್ನೂ ಪಟ್ಟಿ ಮಾಡಿದ್ದಾನೆ: ಆರು ಕೋಲಿನೇಟು, ಏಳು ಚಾಟಿಯೇಟು, ಮೇಲಿನಿಂದ ತೂಗುಹಾಕುವ ಎರಡು ವಿಧಾನ, ಜೊತೆಗೆ ‘ಉದಕನಾಲಿಕಾ’, ಅಂದರೆ ನೀರಿನ ಕೊಳವೆ. 2002ರ ಆಗಸ್ಟ್ ಒಂದೇ ತಿಂಗಳಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅಬು ಜುಬೈದಾ ಎಂಬ ಕೈದಿಯನ್ನು ಮಲಗಿಸಿ, ಮುಖಕ್ಕೆ ಬಟ್ಟೆ ಹಾಕಿ, ಉಸಿರುಗಟ್ಟುವ ಹಾಗೆ 83 ಸಲ ನೀರು ಸುರಿಯಿತು. ಆ ಸರ್ಕಾರವೂ ಅದಕ್ಕೆ ಸಭ್ಯವಾದ ಹೆಸರನ್ನೇ ಹುಡುಕಿತ್ತು: ‘ವರ್ಧಿತ ವಿಚಾರಣಾ ತಂತ್ರ’.

1984ರ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಕೊಡುವ ವ್ಯಾಖ್ಯಾನವನ್ನು ಈಗ ಓದಿದರೆ ಹೊಸದೇನೂ ಅನ್ನಿಸುವುದಿಲ್ಲ. ದೇಹಕ್ಕೋ ಮನಸ್ಸಿಗೋ ತೀವ್ರವಾದ ನೋವು. ಅದನ್ನು ಬೇಕೆಂದೇ ಕೊಟ್ಟಿರಬೇಕು. ಮಾಹಿತಿ ಪಡೆಯಲು, ತಪ್ಪೊಪ್ಪಿಸಲು, ಶಿಕ್ಷಿಸಲು, ಹೆದರಿಸಲು, ತಾರತಮ್ಯಕ್ಕಾಗಿ, ಹೀಗೆ ಒಂದು ಉದ್ದೇಶ ಇರಬೇಕು. ಸರ್ಕಾರಿ ಅಧಿಕಾರದಲ್ಲಿರುವವರ ಕೈವಾಡವೋ ಮೌನಸಮ್ಮತಿಯೋ ಇರಬೇಕು. ಗಂಡ ಹೆಂಡತಿಯನ್ನು ಬಡಿಯುವುದು ಘೋರ ಅಪರಾಧವೇ, ಆದರೆ ಸರ್ಕಾರಿ ಕೈವಾಡವೋ ಮೌನಸಮ್ಮತಿಯೋ ಇಲ್ಲದಿದ್ದರೆ ಈ ವ್ಯಾಖ್ಯಾನದೊಳಗೆ ಬರುವ ಅಪರಾಧವಲ್ಲ. ಮಾನವತೆಯ ವಿರುದ್ಧದ ಅಪರಾಧಗಳ ಕಾನೂನಿನಲ್ಲಿ ಸರ್ಕಾರಿ ಕೈ ಕಡ್ಡಾಯವಲ್ಲ, ಬಲಿಪಶು ಆರೋಪಿಯ ವಶದಲ್ಲಿದ್ದರೆ ಸಾಕು. ಯುದ್ಧವಿರಲಿ, ತುರ್ತು ಪರಿಸ್ಥಿತಿಯಿರಲಿ, ಮೇಲಧಿಕಾರಿಯ ಆದೇಶವಿರಲಿ, ಯಾವುದೂ ಇದಕ್ಕೆ ಸಮರ್ಥನೆಯಲ್ಲ ಎಂದು ಒಡಂಬಡಿಕೆಯ ಎರಡನೇ ವಿಧಿ ಹೇಳುತ್ತದೆ.

ಪದ ಬಿಗಿಯಾಗಿರುವುದು ಯಾಕೆ ಮುಖ್ಯ ಎಂಬುದನ್ನು ಆಫ್ರಿಕಾದ ಚಾಡ್ ದೇಶದವರನ್ನು ಕೇಳಬೇಕು. ಹಿಸೆನ್ ಹಬ್ರೆ ಅಲ್ಲಿ 1982ರಿಂದ 1990ರವರೆಗೆ ಆಳಿದ. ರಾಜಧಾನಿ ಎನ್‌ಜಮೇನಾದಲ್ಲಿ ಹಳೆಯ ಈಜುಕೊಳವೊಂದಕ್ಕೆ ಕಾಂಕ್ರೀಟ್ ಸೂರು ಹಾಕಿ ಸೆರೆಮನೆ ಮಾಡಿದ್ದರು. ಎರಡು ಕೈ, ಎರಡು ಕಾಲು ನಾಲ್ಕನ್ನೂ ಬೆನ್ನ ಹಿಂದೆ ಒಟ್ಟಿಗೆ ಬಿಗಿದು, ಎದೆ ಬಿಲ್ಲಿನಂತೆ ಮುಂದಕ್ಕೆ ಬಾಗಿ, ರಕ್ತ ಓಡದೆ ಕೈಕಾಲು ಜೋಮು ಹಿಡಿಯುವ ತನಕ ಬಿಡುತ್ತಿದ್ದರು. ಅದಕ್ಕೆ ಅಲ್ಲಿನ ಹೆಸರು ‘ಅರ್ಬಟಾಚರ್’. ಸೆರೆಯಿಂದ ಬಿಡುಗಡೆಯಾದ ಸುಲೇಮಾನ್ ಗೆಂಗೆಂಗ್ ತನ್ನಂಥ 792 ಮಂದಿಯ ಹೇಳಿಕೆ ಕಲೆಹಾಕಿ ವರ್ಷಗಟ್ಟಲೆ ಬಚ್ಚಿಟ್ಟರು. 2001ರಲ್ಲಿ ಮಾನವ ಹಕ್ಕು ಸಂಘಟನೆ ಹ್ಯೂಮನ್ ರೈಟ್ಸ್ ವಾಚ್‌ನವರು ಪಾಳುಬಿದ್ದ ಗುಪ್ತಪೊಲೀಸ್ ಕಚೇರಿಗೆ ಹೋದಾಗ ನೆಲದ ತುಂಬ ಕಾಗದ ಬಿದ್ದಿದ್ದವು. ಬಂಧಿತರ ಪಟ್ಟಿಗಳು, ಸಾವಿನ ಟಿಪ್ಪಣಿಗಳು. ಸೆರೆಯಲ್ಲೇ ಸತ್ತ 1,208 ಜನರ ಹೆಸರು ಆ ಕಾಗದಗಳಲ್ಲಿ ಸಿಕ್ಕಿತು. ಸರ್ಕಾರದ ಕೈ, ಉದ್ದೇಶ, ಎರಡಕ್ಕೂ ಸರ್ಕಾರದ್ದೇ ದಾಖಲೆ.

ಹಬ್ರೆ ಓಡಿಹೋಗಿ ಸೇರಿದ್ದ ಸೆನೆಗಲ್ ಅವನನ್ನು ವಿಚಾರಣೆಗೆ ಒಳಪಡಿಸದೆ ದಿನ ದೂಡುತ್ತಿತ್ತು. ‘ಒಂದೋ ವಿಚಾರಿಸಿ, ಇಲ್ಲವೇ ಒಪ್ಪಿಸಿ’ ಎಂದು 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ್ದು ಇದೇ ಒಡಂಬಡಿಕೆಯ ಬಲದಿಂದ. 2016ರ ಮೇ 30ರಂದು ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ತೀರ್ಪನ್ನು ‘ಕಿರುಕುಳ’ ಎಂಬ ಮಾತಿನ ಮೇಲೆ ಬರೆಯಲು ಸಾಧ್ಯವಿತ್ತೇ?

ನಮ್ಮ ಅಪರಾಧ ಸುದ್ದಿಗಳಲ್ಲಿ ಒಂದು ವಾಕ್ಯ ಇವತ್ತಿಗೂ ಸವೆದಿಲ್ಲ: ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಬಾಯಿಬಿಟ್ಟ.’ ಯಾವ ಶೈಲಿ? ಕೌಟಿಲ್ಯನ ‘ಕರ್ಮ’ಕ್ಕೆ ಇದು ಇಂದಿನ ಕನ್ನಡ. ತಪ್ಪೊಪ್ಪಿಸಲು ಹೊಡೆಯುವುದು ನಮ್ಮ ದಂಡಸಂಹಿತೆಯಲ್ಲಿ ಹಿಂದಿನಿಂದಲೂ ಅಪರಾಧ. ವರದಿಗಾರರು ‘ಹೊಡೆದರು’ ಎಂದೇ ಬರೆಯಬೇಕು. ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 1997ರಲ್ಲಿ, ಇನ್ನೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, ಕಾನೂನಾಗದೆ ರದ್ದಾಯಿತು.