‘ಪ್ರಕಟಣೆಯ ಕೃಪೆಗಾಗಿ’ ಬಂದ ಪ್ರೆಸ್ ನೋಟ್ ಹಾಗೇ ಹಾಕಬಹುದೇ?

ಪ್ರಶ್ನೆ: ನಮ್ಮದು ಜಿಲ್ಲಾ ಮಟ್ಟದ ಪುಟ್ಟ ಸುದ್ದಿ ವೆಬ್‌ಸೈಟ್. ಇರುವುದು ಇಬ್ಬರೇ. ಬ್ಯಾಂಕ್, ಬೈಕ್ ಕಂಪನಿ, ಆಸ್ಪತ್ರೆಗಳಿಂದ ದಿನಾ ಪ್ರೆಸ್ ನೋಟ್ ಬರುತ್ತವೆ. ಇನ್ನು ಕೆಲವು ಬೇರೆ ಸೈಟುಗಳಲ್ಲಿ ಸಿಗುತ್ತವೆ. ಇವನ್ನು ಹಾಗೇ ಹಾಕಿದರೆ ಕಾಪಿರೈಟ್ ತೊಂದರೆ ಆಗುತ್ತದೆಯೇ? ಕೆಳಗೆ ‘ಕೃಪೆ’ ಅಂತ ಹೆಸರು ಹಾಕಿದರೆ ಸಾಕಲ್ವಾ?

ಉತ್ತರ: ಕಂಪನಿಯೇ ನಿಮಗೆ ಕಳಿಸಿದ ಪ್ರೆಸ್ ನೋಟಿನ ಬರಹವನ್ನು ಸುದ್ದಿಯಾಗಿ ಹಾಕಬಹುದು. ಅದರ ಜೊತೆ ಬಂದ ಫೋಟೊ, ಬೇರೆ ಸೈಟಿನಿಂದ ಎತ್ತಿಕೊಂಡ ನೋಟ್, ಈ ಎರಡರ ಕಥೆ ಬೇರೆ. ‘ಕೃಪೆ’ ಅಂತ ಹೆಸರು ಹಾಕುವುದು ಒಳ್ಳೆಯ ರೂಢಿಯೇ. ಆದರೆ ಅದು ಅನುಮತಿ ಅಲ್ಲ.

ಪ್ರೆಸ್ ನೋಟ್ ಪುಕ್ಕಟೆ ಬರುತ್ತದೆ, ಹಾಗಾಗಿ ಅದಕ್ಕೆ ಒಡೆಯರಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಸ್ವಂತವಾಗಿ ಬರೆದ ಬರಹಕ್ಕೆ ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಕೆಳಗೆ ಕಾಪಿರೈಟ್ ಗುರುತು ಇರಬೇಕೆಂದೂ ಇಲ್ಲ. ಸಿಬ್ಬಂದಿ ಕೆಲಸದ ಭಾಗವಾಗಿ ಬರೆದರೆ ಸಾಮಾನ್ಯವಾಗಿ ಹಕ್ಕು ಕಂಪನಿಯದು.

ಹಾಗಾದರೆ ಪತ್ರಿಕೆಗಳು ಇಷ್ಟು ವರ್ಷ ಹೇಗೆ ಹಾಕುತ್ತಾ ಬಂದಿವೆ? ನೋಟಿನ ನೆತ್ತಿಯ ಮೇಲೆ ನೋಡಿ. ‘ಮಾನ್ಯ ಸಂಪಾದಕರಿಗೆ, ಪ್ರಕಟಣೆಯ ಕೃಪೆಗಾಗಿ’ ಅಂತ ಇರುತ್ತದೆ. ಹಾಕಿ ಅಂತ ಅವರೇ ಕೇಳಿಕೊಳ್ಳುತ್ತಿದ್ದಾರೆ. ನೀವು ಕೊನೆಯಲ್ಲಿ ಹಾಕುವ ‘ಕೃಪೆ’ಗಿಂತ ಅವರು ಮೊದಲಲ್ಲಿ ಬರೆದ ಈ ‘ಕೃಪೆ’ಗೇ ಬೆಲೆ ಜಾಸ್ತಿ. ಲೈಸೆನ್ಸ್, ಅಂದರೆ ಬಳಸಲು ಒಡೆಯರು ಕೊಡುವ ಅನುಮತಿ, ಬರಹದಲ್ಲಿರಬೇಕು ಅಂತ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಆ ಸಾಲಿರುವ ಮೇಲ್ ಅಳಿಸಬೇಡಿ. ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ, ದಯವಿಟ್ಟು ಮೇಲ್ ಕೂಡ ಮಾಡಿ ಅಂತ ಕೇಳಿ.

ಆದರೆ ಆ ಮಾತು ಹೇಳಿದ್ದು ನಿಮಗೆ, ಸುದ್ದಿಗಾಗಿ. ಅದೇ ಬರಹವನ್ನು ನೀವು ಪುಸ್ತಕಕ್ಕೆ ಸೇರಿಸಲು ಅಥವಾ ಇನ್ನೊಬ್ಬರಿಗೆ ಮಾರಲು ಅದು ಸಾಲದು. ಬೇರೆ ಸೈಟಿನಿಂದ ಎತ್ತಿಕೊಂಡಾಗ ಆ ಮಾತೇ ನಿಮಗೆ ಸಿಕ್ಕಿರುವುದಿಲ್ಲ. ಪಿಆರ್ ನ್ಯೂಸ್‌ವೈರ್‌ನಂಥ ನೋಟ್ ಹಂಚುವ ಸೇವೆಗಳಿಗೆ ಅವುಗಳದ್ದೇ ಷರತ್ತುಗಳಿವೆ. ಅಲ್ಲಿಂದ ಬಂದ ನೋಟ್‌ಗಳನ್ನು ಸುದ್ದಿ ಸಂಸ್ಥೆ ಪಿಟಿಐ ಕೂಡ ಹಾಕುತ್ತದೆ. ಆದರೆ ಅದು ಒಪ್ಪಂದದ ಮೇರೆಗೆ ಬಂದದ್ದು, ಸಂಪಾದಕೀಯ ಹೊಣೆ ನಮ್ಮದಲ್ಲ ಅಂತ ಕೆಳಗೆ ಹೇಳುತ್ತದೆ. ಆ ಒಪ್ಪಂದದಲ್ಲಿ ನೀವಿಲ್ಲ ಅಲ್ವಾ? ಪತ್ರಿಕೆಯೊಂದು ನೋಟ್ ಓದಿ ತನ್ನ ಮಾತಿನಲ್ಲಿ ಸುದ್ದಿ ಬರೆದಿದ್ದರೆ, ಅದನ್ನಂತೂ ಮುಟ್ಟಬೇಡಿ. ಆ ಬರಹ ಪತ್ರಿಕೆಯದು.

ನಿಜವಾದ ಪೆಟ್ಟು ಬೀಳುವುದು ಫೋಟೊದಲ್ಲಿ. ನಾನು ಪತ್ರಿಕೆಯ ಡೆಸ್ಕ್‌ನಲ್ಲಿದ್ದಾಗ ಒಂದು ವಸತಿ ಯೋಜನೆಯ ನೋಟ್ ಬಂದಿತ್ತು. ಜೊತೆಗೆ ಬಾಲ್ಕನಿಯಲ್ಲಿ ನಗುತ್ತಾ ನಿಂತ ಒಂದು ಕುಟುಂಬದ ಚಿತ್ರ. ಹಾಕಿದೆವು. ಕೆಲವು ತಿಂಗಳ ನಂತರ ಚಿತ್ರ ಮಾರುವ ಸಂಸ್ಥೆಯೊಂದರಿಂದ ಹಣ ಕಟ್ಟಿ ಅಂತ ನೋಟಿಸ್ ಬಂತು. ಕಂಪನಿ ಆ ಚಿತ್ರವನ್ನು ತನ್ನ ಪ್ರಚಾರಕ್ಕೆ ಮಾತ್ರ ಕೊಂಡಿತ್ತು. ನಮಗೆ ದಾಟಿಸುವ ಹಕ್ಕು ಅದಕ್ಕೆ ಇರಲೇ ಇಲ್ಲ. ‘ಅವರೇ ಕಳಿಸಿದ್ದು’ ಅಂದರೆ ಚಿತ್ರದ ಒಡೆಯರು ಕೇಳುವುದಿಲ್ಲ. ಒಂದೇ ಚಿತ್ರ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಹುಡುಕುವ ಸಾಫ್ಟ್‌ವೇರ್ ಈಗ ಇದೆ. ಸಣ್ಣ ಸೈಟ್, ಯಾರು ನೋಡ್ತಾರೆ ಅಂತ ಧೈರ್ಯ ತೆಗೆದುಕೊಳ್ಳಬೇಡಿ. ಉದ್ಘಾಟನೆಯಲ್ಲಿ ದೀಪ ಬೆಳಗಿದ ಫೋಟೊ ಕಂಪನಿಯವರೇ ತೆಗೆಸಿದ್ದು ಇರಬಹುದು. ಆಗಲೂ ‘ಇದರ ಹಕ್ಕು ನಿಮ್ಮದೇನಾ?’ ಅಂತ ಒಂದು ಸಾಲು ಬರೆದು ಕೇಳಿ. ಉತ್ತರ ಬರುವವರೆಗೆ ನಿಮ್ಮದೇ ಮೊಬೈಲ್‌ನಲ್ಲಿ ತೆಗೆದ ಶಾಖೆಯ ಬೋರ್ಡಿನ ಚಿತ್ರ ಸಾಕು.

ಇಷ್ಟೆಲ್ಲಾ ತಲೆನೋವು ಬೇಡ ಅಂದರೆ ಒಂದು ದಾರಿ ಇದೆ. ಪತ್ರಕರ್ತರ ಕೆಲಸವೂ ಅದೇ ಅಂತ ನಾನು ನಂಬಿದ್ದೇನೆ. ನೋಟ್ ಓದಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಕಾಪಿರೈಟ್ ಇರುವುದು ಬರೆದ ರೀತಿಗೆ, ವಿಷಯಕ್ಕಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ಎಲ್ಲಿ ಶಾಖೆ ತೆರೆಯಿತು, ಯಾವಾಗ, ಬಡ್ಡಿ ಎಷ್ಟು, ಈ ಸಂಗತಿಗಳು ಯಾರ ಆಸ್ತಿಯೂ ಅಲ್ಲ. ಪ್ರಚಲಿತ ಸುದ್ದಿ ವರದಿ ಮಾಡಲು ಬೇಕಾದಷ್ಟು ಸಾಲುಗಳನ್ನು ಎತ್ತಿ ಹೇಳಲು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಎರಡು ಪುಟದ ಹೊಗಳಿಕೆಯಲ್ಲಿ ಸುದ್ದಿ ಇರುವುದು ಐದೇ ಸಾಲು. ಆ ಐದು ಸಾಲು ನಿಮ್ಮ ಜಿಲ್ಲೆಯ ಓದುಗರಿಗೆ ಬೇಕು. ಉಳಿದದ್ದು ಬೇಡ.

ಕನ್ನಡಕ್ಕೆ ಇನ್ನೊಂದು ಮಾತು ಸೇರಿಸಬೇಕು. ಅನುವಾದ ಮಾಡುವ ಹಕ್ಕೂ ಮೂಲ ಬರಹದ ಒಡೆಯರದ್ದೇ. ಇಂಗ್ಲಿಷ್ ನೋಟ್ ನಿಮಗೇ ಕಳಿಸಿದ್ದರೆ, ಕನ್ನಡದಲ್ಲಿ ಹಾಕಲಿ ಅಂತಲೇ ಕಳಿಸಿರುತ್ತಾರೆ. ಅದರಲ್ಲಿ ತೊಡಕಿಲ್ಲ. ಆದರೆ ಎಂಡಿ ಹೇಳಿದ್ದನ್ನು ಅನುವಾದಿಸುವಾಗ ಅರ್ಥ ತಿರುಗದಂತೆ ನೋಡಿಕೊಳ್ಳಿ. ‘ಯೋಚಿಸುತ್ತಿದ್ದೇವೆ’ ಅನ್ನುವುದು ‘ಮಾಡುತ್ತೇವೆ’ ಆಗಿಬಿಟ್ಟರೆ ಅದು ನಿಮ್ಮ ತಪ್ಪು. ಕಂಪನಿಯವರೇ ಕಳಿಸುವ ಕನ್ನಡ ಎಷ್ಟೋ ಸಲ ಯಂತ್ರದ ಕನ್ನಡ. ಅದನ್ನು ಹಾಗೇ ಓದುಗರ ಮುಂದೆ ಇಡಬೇಡಿ.

ಆಸ್ಪತ್ರೆ ನೋಟ್ ಅಂದಿರಲ್ಲ, ಅಲ್ಲಿ ಕಾಪಿರೈಟ್‌ಗಿಂತ ದೊಡ್ಡ ಅಪಾಯ ಇದೆ. ಸಕ್ಕರೆ ಕಾಯಿಲೆ ಗುಣಪಡಿಸುವ ಔಷಧ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ಅಂಥದ್ದನ್ನು ಪ್ರಕಟಿಸಿದವರೂ ಅದರಲ್ಲಿ ಸಿಕ್ಕಿಬೀಳಬಹುದು. ಹಣ ಪಡೆದು ಹಾಕಿದ ಯಾವುದೇ ನೋಟ್ ಇರಲಿ, ‘ಜಾಹೀರಾತು’ ಅಂತ ಮೇಲೆಯೇ ಬರೆಯಿರಿ. ಹಣ ಪಡೆಯದೆ ಪೂರ್ತಿ ಹಾಕಿದರೆ ‘ಪತ್ರಿಕಾ ಪ್ರಕಟಣೆ’ ಅಂತ ಹಾಕಿ. ನಿಮ್ಮ ವರದಿಗಾರರ ಹೆಸರು ಬೇಡ.

ಕಂಪನಿಯ ಸೈಟಿನಲ್ಲಿ ಕಂಡ ನೋಟ್ ಪೂರ್ತಿಯಾಗಿ ಬೇಕೇ ಬೇಕು ಅನ್ನಿಸಿದರೆ, ಅದರ ಕೊನೆಯಲ್ಲಿರುವ ಮಾಧ್ಯಮ ಸಂಪರ್ಕದ ವಿಳಾಸಕ್ಕೆ ಹೀಗೆ ಬರೆಯಿರಿ: ‘ಇಂಥ ದಿನಾಂಕದ ನಿಮ್ಮ ಪ್ರಕಟಣೆಯ ಬರಹ ಮತ್ತು ಇಂಥ ಫೋಟೊವನ್ನು ನಮ್ಮ ವೆಬ್‌ಸೈಟ್‌ನಲ್ಲಿ ಕನ್ನಡದಲ್ಲಿ ಪ್ರಕಟಿಸಲು ಅನುಮತಿ ಕೋರುತ್ತೇವೆ. ಫೋಟೊದ ಹಕ್ಕು ಯಾರದು ಎಂದೂ ದಯವಿಟ್ಟು ತಿಳಿಸಿ.’ ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಆ ಐದು ಸಾಲಿನ ಸುದ್ದಿಯನ್ನು ನೀವೇ ಬರೆದು ಹಾಕಿ.