ಲಂಡನ್ ಏಜೆಂಟರಿಗೆ ಕಾದಂಬರಿ ಕಳಿಸುವುದು: ಪತ್ರ, ಕಥಾಸಾರ, ಮೊದಲ ಮೂರು ಅಧ್ಯಾಯ

ಕನ್ನಡದಲ್ಲಿ ಹಸ್ತಪ್ರತಿ ಸಾಮಾನ್ಯವಾಗಿ ನೇರ ಪ್ರಕಾಶಕರ ಕೈಗೇ ಹೋಗುತ್ತದೆ. ಲಂಡನ್, ನ್ಯೂಯಾರ್ಕಿನ ದೊಡ್ಡ ಪ್ರಕಾಶನಗಳು ಮಾತ್ರ ಬಹುಮಟ್ಟಿಗೆ ಏಜೆಂಟರ, ಅಂದರೆ ಲೇಖಕರ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಮಾರಿ ಕಮಿಷನ್ ಪಡೆಯುವವರ, ಮೂಲಕ ಬಂದದ್ದನ್ನೇ ಓದುತ್ತವೆ. ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವವರಿಗೂ ತಮ್ಮ ಕನ್ನಡ ಕಾದಂಬರಿಯ ಅನುವಾದವನ್ನು ಹೊರಗೆ ಕಳಿಸಬೇಕೆನ್ನುವವರಿಗೂ ಈ ಟಿಪ್ಪಣಿ. ಲಂಡನ್ ಪದ್ಧತಿಯನ್ನು ಮುಖ್ಯವಾಗಿ ಹಿಡಿದು, ಅಮೆರಿಕದ್ದು ಬೇರೆಯಾಗುವ ಕಡೆ ಅದನ್ನೂ ಹೇಳಿದೆ.

ಮೊದಲ ಮಾತು: ಕಾದಂಬರಿ ಪೂರ್ತಿ ಮುಗಿದಿರಬೇಕು. ಮೂರು ಅಧ್ಯಾಯ ಹಿಡಿಸಿದರೆ ಏಜೆಂಟ್ ಪೂರ್ತಿ ಹಸ್ತಪ್ರತಿ ಕೇಳುತ್ತಾರೆ, ಅದು ಮರುದಿನವೇ ಹೋಗಬೇಕು. "ಇನ್ನಾರು ತಿಂಗಳು ಕೊಡಿ" ಎಂದರೆ ಅವರ ಆಸಕ್ತಿ ಅಷ್ಟರಲ್ಲಿ ಆರಿರುತ್ತದೆ. ದೊಡ್ಡವರಿಗೆ ಬರೆದ ಮೊದಲ ಕಾದಂಬರಿಗೆ 80,000ದಿಂದ 1,00,000 ಪದ ವಾಡಿಕೆ. ಫ್ಯಾಂಟಸಿಗೆ 1,20,000ದವರೆಗೂ ನಡೆಯುತ್ತದೆ. ಅದನ್ನೂ ದಾಟಿದರೆ ಕಾಗದದ ಖರ್ಚು, ಸಂಪಾದಕರ ಸಮಯ ಎರಡೂ ಏರುತ್ತವೆ. ಹೊಸ ಹೆಸರಿನ ಮೇಲೆ ಅಷ್ಟು ಹಣ ಹೂಡಲು ಪ್ರಕಾಶಕರು ಹಿಂಜರಿಯುತ್ತಾರೆ.

ಕಟ್ಟಿನಲ್ಲಿ ಏನಿರಬೇಕು

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕೇಳುವುದು ಒಂದು ಪುಟದ ಪತ್ರ, ಒಂದು ಪುಟದ ಕಥಾಸಾರ (ಸುಮಾರು 500 ಪದ), ಮೊದಲ ಮೂರು ಅಧ್ಯಾಯ ಅಥವಾ 10,000 ಪದ. ಅಮೆರಿಕದಲ್ಲಿ 250ರಿಂದ 350 ಪದದ ಪತ್ರ ಮತ್ತು ಮೊದಲ 5 ಇಲ್ಲವೇ 10 ಪುಟ. ಅದನ್ನೂ ಅನೇಕರು ಮೇಲ್‌ನೊಳಗೇ ಅಂಟಿಸಲು ಹೇಳುತ್ತಾರೆ, ವೈರಸ್ ಭಯಕ್ಕೆ ಅಟ್ಯಾಚ್‌ಮೆಂಟ್ ತೆರೆಯುವುದೇ ಇಲ್ಲ. ಪ್ರತಿ ಏಜೆನ್ಸಿಯ ನಿಯಮ ಬೇರೆ. ಕಳಿಸುವ ದಿನ ಅದನ್ನು ಇನ್ನೊಮ್ಮೆ ಓದಿ, "ಸದ್ಯಕ್ಕೆ ಹಸ್ತಪ್ರತಿ ಸ್ವೀಕರಿಸುತ್ತಿಲ್ಲ" ಎಂದು ಬದಲಾಗಿರಲೂಬಹುದು.

ಅಧ್ಯಾಯಗಳು ಮೊದಲ ಪುಟದಿಂದ ಸಾಲಾಗಿ ಇರಬೇಕು. "ನನ್ನ ಹನ್ನೊಂದನೇ ಅಧ್ಯಾಯ ಚೆನ್ನಾಗಿದೆ" ಎಂದು ಅದನ್ನು ಕಳಿಸುವವರಿದ್ದಾರೆ. ಹಾಗಾದರೆ ಓದುಗ ಮೊದಲ ಹತ್ತನ್ನು ಏಕೆ ದಾಟಬೇಕು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಚ್ಚುಕಟ್ಟಿನ ವಿಷಯಕ್ಕೆ ಬಂದರೆ 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಡಬಲ್ ಸ್ಪೇಸ್, ಸುತ್ತ 2.5 ಸೆಂ.ಮೀ. ಅಂಚು, ಪ್ರತಿ ಪುಟದಲ್ಲೂ ಹೆಸರು, ಶೀರ್ಷಿಕೆ, ಪುಟಸಂಖ್ಯೆ. ಮುಖಪುಟದ ಚಿತ್ರ ಬೇಡ. ಹಿರಿಯ ಸಾಹಿತಿಗಳ ಮುನ್ನುಡಿಯೂ ಬೇಡ. ನಮ್ಮಲ್ಲಿ ಅದು ಮರ್ಯಾದೆ, ಅಲ್ಲಿ ಅದನ್ನು ಯಾರೂ ಕೇಳಿರುವುದಿಲ್ಲ.

ಪತ್ರ

ಶೀರ್ಷಿಕೆ, ಪ್ರಕಾರ, ಪದಸಂಖ್ಯೆ, ಈ ಏಜೆಂಟನ್ನೇ ಏಕೆ ಆರಿಸಿದಿರಿ ಎಂಬುದು ಎರಡು ಮೂರು ಸಾಲಿನಲ್ಲಿ. ಆಮೇಲೆ 100ರಿಂದ 150 ಪದದಲ್ಲಿ ಕಥೆಯ ತಿರುಳು. ಕೊನೆಗೆ ನಿಮ್ಮ ಬಗ್ಗೆ ಎರಡು ಸಾಲು. ಎಡವುವುದು ನಡುವಿನ ಭಾಗದಲ್ಲೇ. ಒಂದು ಕಾಲ್ಪನಿಕ ಕಾದಂಬರಿಯನ್ನು ಇಟ್ಟುಕೊಂಡು ನೋಡೋಣ.

ಹೀಗೆ ಬರೆದರೆ ಕೆಲಸಕ್ಕೆ ಬಾರದು: "ಬದಲಾಗುತ್ತಿರುವ ಮಲೆನಾಡಿನ ಹಿನ್ನೆಲೆಯಲ್ಲಿ ಪ್ರೀತಿ, ಸಾವು, ಅಸ್ಮಿತೆಗಳ ಹುಡುಕಾಟದ ಮನಮುಟ್ಟುವ ಕಥೆ."

ಹೀಗೆ ಬರೆದರೆ ಓದುತ್ತಾರೆ: "ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಸಾವಿತ್ರಿ, ಗಂಡ ಸತ್ತು ಎರಡು ವರ್ಷವಾದರೂ ಅವನ ಖಾತೆಗೆ ತಿಂಗಳು ತಿಂಗಳು ಹಣ ಜಮೆಯಾಗುತ್ತಿರುವುದನ್ನು ಕಂಡುಹಿಡಿಯುತ್ತಾಳೆ. ಮಾಲೀಕರನ್ನು ಕೇಳಿದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಮಾರ್ಚ್ ಆಡಿಟ್‌ನಲ್ಲಿ ಕಳ್ಳಿ ಎನಿಸಿಕೊಳ್ಳುವವಳು ಅವಳೇ."

ಮೊದಲನೆಯದನ್ನು ಯಾವ ಕಾದಂಬರಿಗೆ ಬೇಕಾದರೂ ಅಂಟಿಸಬಹುದು. ಎರಡನೆಯದರಲ್ಲಿ ಒಬ್ಬಳಿದ್ದಾಳೆ, ಅವಳ ಕೆಲಸವಿದೆ, ಇಕ್ಕಟ್ಟಿದೆ, ಗಡುವಿದೆ. ಜೊತೆಗೆ ಹೋಲುವ ಎರಡು ಪುಸ್ತಕ ಹೆಸರಿಸಿ, ಕಳೆದ 3ರಿಂದ 5 ವರ್ಷದೊಳಗೆ ಬಂದವು. ಮಹಾಕೃತಿಗಳ ಹೆಸರು ಹೇಳಿದರೆ ಬಡಾಯಿ ಎನಿಸುತ್ತದೆ. ನಿಮ್ಮ ಪುಸ್ತಕ ಅಂಗಡಿಯ ಯಾವ ಶೆಲ್ಫಿನಲ್ಲಿ, ಯಾವುದರ ಪಕ್ಕ ನಿಲ್ಲುತ್ತದೆ ಎಂದು ತಿಳಿಸುವುದಷ್ಟೇ ಇದರ ಉದ್ದೇಶ.

ಕಥಾಸಾರ

ಇದು ಬೆನ್ನುಡಿಯಲ್ಲ. "ಮುಂದೇನಾಯಿತು? ಓದಿಯೇ ತಿಳಿಯಬೇಕು!" ಎಂದು ಬಿಟ್ಟರೆ ಕೆಟ್ಟಿತು. ಕಥೆ ಕೊನೆಯವರೆಗೂ ನಿಂತಿದೆಯೇ ಎಂದು ನೋಡಲೆಂದೇ ಕಥಾಸಾರ ಕೇಳುವುದು. ಹಾಗಾಗಿ ಹಣ ಹಾಕುತ್ತಿದ್ದವನು ಮಾಲೀಕರ ತಮ್ಮ, ಸಾವಿತ್ರಿಯ ಗಂಡನಿಗೆ ಡಿಕ್ಕಿ ಹೊಡೆದ ಲಾರಿ ಅವನದೇ, ಕೊನೆಗೆ ಅವಳು ಲೆಕ್ಕದ ಪುಸ್ತಕವನ್ನು ಪೊಲೀಸರಿಗೆ ಒಪ್ಪಿಸುತ್ತಾಳೆ ಎಂದು ಬಿಡಿಸಿ ಬರೆಯಬೇಕು. ವರ್ತಮಾನ ಕಾಲ, ಪ್ರಥಮ ಪುರುಷ ("ನಾನು" ಅಲ್ಲ, "ಅವನು", "ಅವಳು"), ನಾಲ್ಕೈದಕ್ಕಿಂತ ಹೆಚ್ಚು ಹೆಸರು ಬೇಡ. ಉಳಿದವರು "ಅತ್ತೆ", "ಮಂಡಿ ಮಾಲೀಕ" ಎಂದಿದ್ದರೆ ಸಾಕು. ಆಮೇಲೆ, ಆಮೇಲೆ ಎಂದು ಘಟನೆ ಪೋಣಿಸುವ ಬದಲು "ಆದ್ದರಿಂದ", "ಆದರೆ" ಎಂದು ಜೋಡಿಸಿ ನೋಡಿ. ಜೋಡಿಸಲು ಬಾರದ ಕಡೆ ಕಾದಂಬರಿಯಲ್ಲೇ ಬಿರುಕಿರುವ ಸಾಧ್ಯತೆ ಹೆಚ್ಚು.

ಕಳಿಸುವುದು, ಕಾಯುವುದು

ಒಮ್ಮೆಗೆ ಆರೋ ಎಂಟೋ ಏಜೆಂಟರಿಗೆ, ಒಬ್ಬೊಬ್ಬರಿಗೂ ಪ್ರತ್ಯೇಕ ಮೇಲ್. ಒಂದೇ ಏಜೆನ್ಸಿಯ ಇಬ್ಬರಿಗೆ ಒಟ್ಟಿಗೆ ಬೇಡ. ಒಂದು ಶೀಟಿನಲ್ಲಿ ಹೆಸರು, ದಿನಾಂಕ, ಕಳಿಸಿದ್ದು, ಉತ್ತರ ಬರೆದಿಡಿ. 6ರಿಂದ 12 ವಾರ ಕಾಯುವುದು ಮಾಮೂಲು. ಅನೇಕ ಕಡೆ ಮೌನವೇ "ಇಲ್ಲ".

ಐವತ್ತು ಜನಕ್ಕೆ ಒಟ್ಟಿಗೆ ಕಳಿಸಬಾರದು ಎನ್ನುವುದಕ್ಕೆ ಕಾರಣ ಇದು: ಉತ್ತರಗಳಲ್ಲಿ ರೋಗದ ಸುಳಿವಿರುತ್ತದೆ. ಎಂಟರಲ್ಲಿ ಒಬ್ಬರೂ ಪೂರ್ತಿ ಪ್ರತಿ ಕೇಳದಿದ್ದರೆ ಅನುಮಾನ ಪತ್ರದ ಮೇಲೆ, ಮೊದಲ ಪುಟಗಳ ಮೇಲೆ. ಮೂವರು ಪೂರ್ತಿ ಕೇಳಿ ಮೂವರೂ ಬಿಟ್ಟರೆ ಪತ್ರ ಸರಿಯಿದೆ, ಕಾದಂಬರಿ ನಡುವಿನಲ್ಲಿ ಸೊರಗಿದೆ. ತಿದ್ದಿ ಮುಂದಿನ ಎಂಟಕ್ಕೆ ಹೋಗಬಹುದು. ಐವತ್ತನ್ನೂ ಸುಟ್ಟುಕೊಂಡವರಿಗೆ ತಿದ್ದಿದ ಪ್ರತಿ ಕಳಿಸಲು ಹೆಚ್ಚು ಜನ ಉಳಿದಿರುವುದಿಲ್ಲ.

ಒಬ್ಬರು ಒಪ್ಪಿದರೆ ಆ ಕ್ಷಣವೇ ಹೂಂ ಎನ್ನಬೇಡಿ. ಉಳಿದವರಿಗೆ ತಿಳಿಸಿ ಎರಡು ವಾರ ಸಮಯ ಕೇಳುವುದು ಒಪ್ಪಿತ ರೂಢಿ. ಕಮಿಷನ್ ಏಜೆಂಟರ ಸ್ವದೇಶದ ಮಾರಾಟಕ್ಕೆ 15%, ವಿದೇಶ ಮತ್ತು ಅನುವಾದದ ಹಕ್ಕಿಗೆ 20% ಸಾಮಾನ್ಯ. 10,000 ಪೌಂಡ್ ಮುಂಗಡ ನಾಲ್ಕು ಕಂತಿನಲ್ಲಿ ಬಂದರೆ ಪ್ರತಿ 2,500ರಲ್ಲಿ 375 ಏಜೆಂಟರಿಗೆ, ತೆರಿಗೆಗೆ ಮುಂಚೆ 2,125 ನಿಮಗೆ. ಪುಸ್ತಕ ಮಾರಾಟವಾಗುವ ಮೊದಲೇ "ಓದುವ ಶುಲ್ಕ" ಕೇಳಿದರೆ ಅಲ್ಲಿಗೇ ಕೈಬಿಡಿ.

ಕನ್ನಡದಿಂದ ಹೋಗುವಾಗ

ಏಜೆಂಟ್ ಎಂದರೆ ಲಂಡನ್ನೇ ಆಗಬೇಕಿಲ್ಲ. ಭಾರತದ ಮೊದಮೊದಲ ಸಾಹಿತ್ಯ ಏಜೆನ್ಸಿಗಳಲ್ಲಿ ಒಂದಾದ ಜಕರಂಡಾ 1997ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಎಲ್ಲಿಗೆ ಕಳಿಸಿದರೂ ಅನುವಾದದ ಮಾದರಿಯ ಜೊತೆ ಮೊದಲು ಎದುರಾಗುವ ಪ್ರಶ್ನೆ, ಅನುವಾದದ ಹಕ್ಕು ಯಾರ ಬಳಿ ಇದೆ? ಕನ್ನಡ ಪ್ರಕಾಶಕರೊಂದಿಗೆ ಬಾಯಿಮಾತಿನಲ್ಲೇ ವ್ಯವಹಾರ ಮುಗಿಸಿದವರು ಗಾಬರಿಯಾಗಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಬರಹದಲ್ಲಿ ಸಹಿ ಹಾಕಿ ಕೊಡದಿದ್ದರೆ ಹಕ್ಕು ವರ್ಗಾವಣೆಯಾಗುವುದಿಲ್ಲ. ಬರೆದುಕೊಟ್ಟಿದ್ದರೂ ಅವಧಿ ನಮೂದಿಸಿಲ್ಲವೆಂದರೆ 5 ವರ್ಷ, ಪ್ರದೇಶ ನಮೂದಿಸಿಲ್ಲವೆಂದರೆ ಭಾರತಕ್ಕೆ ಮಾತ್ರ ಎಂದು ಅರ್ಥ. ಹಳೆಯ ಕರಾರು ಇದ್ದರೆ ತೆಗೆದು ಈ ಮೂರನ್ನು ನೋಡಿ, ಪತ್ರದಲ್ಲಿ ಒಂದು ಸಾಲಾಗಿ ಬರೆಯಿರಿ. ಅನುವಾದಕರೊಂದಿಗೆ ಮುಂಗಡ ಮತ್ತು ರಾಯಲ್ಟಿ ಹೇಗೆ ಹಂಚಿಕೆ ಎಂಬುದನ್ನೂ ಕಳಿಸುವ ಮೊದಲೇ ಕಾಗದಕ್ಕಿಳಿಸಿ. ಅಂತರರಾಷ್ಟ್ರೀಯ ಬೂಕರ್ ತನ್ನ 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ ಸರಿಪಾಲು ಕೊಡುತ್ತದೆ, ಮಾತುಕತೆ ಶುರುಮಾಡಲು ಅದು ಒಳ್ಳೆಯ ಆಧಾರ.