ಟೂನಾ: ಟನ್ನಿನ ಲೆಕ್ಕ ಬೇರೆ, ದುಡ್ಡಿನ ಲೆಕ್ಕ ಬೇರೆ

ಮಂಗಳೂರಿನ ದಕ್ಕೆಯಲ್ಲಿ ಒಂದು ಬೆಳಗ್ಗೆ ಬೋಟಿನ ಮಾಲೀಕರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮೊಬೈಲಿನಲ್ಲಿ ಜಪಾನಿನ ಮೀನು ಹರಾಜಿನ ವಿಡಿಯೊ ಓಡುತ್ತಿತ್ತು. "ನೋಡಿ ಸರ್, ಒಂದೇ ಟೂನಾಕ್ಕೆ ಕೋಟಿಗಟ್ಟಲೆ ಕೊಡ್ತಾರೆ. ನಮ್ಮ ಬೋಟಿಗೂ ಟೂನಾ ಬರ್ತದೆ. ಕಿಲೋಗೆ ನೂರೈವತ್ತು ಸಿಕ್ಕಿದರೆ ಅದೇ ದೊಡ್ಡದು. ಯಾಕೆ ಸರ್ ಹೀಗೆ?"

ರಫ್ತಾಗುವ ಮೀನಿನ ಗುಣಮಟ್ಟ ನೋಡುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ಆದರೂ ಏಲಂ ಗಲಾಟೆಯ ನಡುವೆ ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲು ಆಗಲಿಲ್ಲ. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ವಿಡಿಯೊದ ಮೀನಿನ ವಿಷಯ ಮುಗಿಸೋಣ. ಟೋಕಿಯೋದ ಟೊಯೊಸು ಮಾರುಕಟ್ಟೆಯಲ್ಲಿ ಜನವರಿ 5ರ ಸುಮಾರಿಗೆ ವರ್ಷದ ಮೊದಲ ಹರಾಜು ನಡೆಯುತ್ತದೆ. 2019ರಲ್ಲಿ ಅಲ್ಲಿ 278 ಕಿಲೋ ತೂಕದ ಒಂದು ಬ್ಲೂಫಿನ್ ಟೂನಾ 33.36 ಕೋಟಿ ಯೆನ್‌ಗೆ ಹೋಯಿತು. ಕಿಲೋಗೆ 12 ಲಕ್ಷ ಯೆನ್ ಆಯಿತು. ಕೊಂಡವರು ಸುಶಿ ಹೋಟೆಲುಗಳನ್ನು ನಡೆಸುವ ಕಿಯೋಶಿ ಕಿಮುರಾ. ಹೊಸ ವರ್ಷದ ಮೊದಲ ಮೀನು ತಮ್ಮ ಹೋಟೆಲಿಗೆ ಬಂದರೆ ಶುಭ, ಜೊತೆಗೆ ಇಡೀ ಜಗತ್ತಿನ ಪತ್ರಿಕೆಗಳಲ್ಲಿ ಹೆಸರು ಬರುತ್ತದೆ. ಆ ಬೆಲೆಯಲ್ಲಿ ಇದೆಲ್ಲ ಸೇರಿದೆ. ಅದೇ ಮಾರುಕಟ್ಟೆಯಲ್ಲಿ ಉಳಿದ ದಿನ ಅಂಥದ್ದೇ ಮೀನು ಇದರ ಸಣ್ಣದೊಂದು ಪಾಲಿಗೆ ಹೋಗುತ್ತದೆ. ಆ ಮೊದಲ ಹರಾಜಿನ ಬೆಲೆ ನೋಡಿ ಟೂನಾ ಪೇಟೆಯನ್ನು ಅಳೆಯಬಾರದು.

ಟೂನಾ ಅಂದರೆ ಒಂದೇ ಮೀನೂ ಅಲ್ಲ. ದೊಡ್ಡ ವ್ಯಾಪಾರ ನಡೆಯುವ ಜಾತಿಗಳು ಏಳು. ಸ್ಕಿಪ್‌ಜಾಕ್, ಯೆಲ್ಲೋಫಿನ್, ಬಿಗ್‌ಐ, ಆಲ್ಬಕೋರ್, ಮತ್ತೆ ಮೂರು ಬಗೆಯ ಬ್ಲೂಫಿನ್. ಜಗತ್ತಿನಲ್ಲಿ ಹಿಡಿಯುವ ಇಂಥ ಟೂನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕಿಪ್‌ಜಾಕ್. ಅದು ಹೆಚ್ಚಿನ ಮಟ್ಟಿಗೆ ಡಬ್ಬಿಗೆ ಹೋಗುವ ಮೀನು. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಯೆಲ್ಲೋಫಿನ್. ಎಲ್ಲರ ಬಾಯಲ್ಲಿರುವ ಬ್ಲೂಫಿನ್ ಮೂರೂ ಬಗೆ ಸೇರಿದರೂ ನೂರಕ್ಕೆ ಒಂದರ ಆಸುಪಾಸು. ಇನ್ನು ನಮ್ಮ ಕರಾವಳಿಯಲ್ಲಿ ಗೇದರ್, ಕೇದಾರ್ ಎಂದೆಲ್ಲ ಕರೆಯುವ ಮೀನು ಈ ಏಳರ ಪಟ್ಟಿಯಲ್ಲೇ ಇಲ್ಲ. ಅದು ದಡದ ಹತ್ತಿರ ಓಡಾಡುವ ಸಣ್ಣ ಟೂನಾ. ಸಾರು ಮಾಡಲು ಒಳ್ಳೆಯದು, ನನಗೂ ಇಷ್ಟ. ಟೋಕಿಯೋ ಪೇಟೆಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. 1950ರಲ್ಲಿ ಜಗತ್ತೆಲ್ಲ ಸೇರಿ ಹಿಡಿಯುತ್ತಿದ್ದ ಈ ಟೂನಾ 6 ಲಕ್ಷ ಟನ್ನಿಗಿಂತ ಕಡಿಮೆ. 2018ರಲ್ಲಿ ಅದು ಸುಮಾರು 52 ಲಕ್ಷ ಟನ್. ಅಮೆರಿಕದ ಪ್ಯೂ ಸಂಸ್ಥೆ ಈ ಮೀನಿನ ದುಡ್ಡಿನ ಲೆಕ್ಕವನ್ನೂ ಹಾಕಿದೆ. 2018ರಲ್ಲಿ ಬೋಟಿನಿಂದ ಇಳಿಯುವಾಗ ಮೀನುಗಾರಿಕೆಯವರಿಗೆ ಸಿಕ್ಕಿದ್ದು ಸುಮಾರು 1,170 ಕೋಟಿ ಡಾಲರ್. ತಿನ್ನುವವರು ಕೊನೆಗೆ ಕೊಟ್ಟಿದ್ದು ಸುಮಾರು 4,080 ಕೋಟಿ ಡಾಲರ್. ಅಂದರೆ ನೂರು ರೂಪಾಯಿ ಟೂನಾ ತಿಂದರೆ ಸಮುದ್ರಕ್ಕೆ ಹೋದವರ ಕಡೆಗೆ ಬಂದಿದ್ದು ಮೂವತ್ತೂ ಇಲ್ಲ. ಇನ್ನೊಂದು ವಿಷಯ ಗಮನಿಸಿ. 2014ರಲ್ಲಿ ತಿನ್ನುವವರು ಕೊಟ್ಟಿದ್ದು 4,200 ಕೋಟಿ ಡಾಲರ್. ನಾಲ್ಕು ವರ್ಷದಲ್ಲಿ ಮೀನು ಕಮ್ಮಿಯಾಗಲಿಲ್ಲ, ದುಡ್ಡು ಮಾತ್ರ ಕಮ್ಮಿಯಾಯಿತು.

ಬಂಗುಡೆ ರಾಶಿ ಬಿದ್ದ ದಿನ ದಕ್ಕೆಯಲ್ಲಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತಲ್ವಾ? ದರ ಬೀಳುತ್ತದೆ. ಬ್ಯಾಂಕಾಕ್‌ನಲ್ಲೂ ಅದೇ ಆಗುವುದು. ಡಬ್ಬಿ ಟೂನಾ ರಫ್ತಿನಲ್ಲಿ ಥಾಯ್ಲೆಂಡ್ ಎಲ್ಲರಿಗಿಂತ ಮುಂದೆ. ಹಾಗಾಗಿ ಹೆಪ್ಪುಗಟ್ಟಿಸಿದ ಸ್ಕಿಪ್‌ಜಾಕ್‌ಗೆ ಬ್ಯಾಂಕಾಕ್ ಕಾರ್ಖಾನೆಗಳು ಕೊಡುವ ದರವನ್ನೇ ಇಡೀ ಜಗತ್ತು ನೋಡುತ್ತದೆ. 2017ರ ಕೊನೆಯ ಭಾಗದಲ್ಲಿ ಆ ದರ ಟನ್ನಿಗೆ 2,000 ಡಾಲರ್ ದಾಟಿತ್ತು. 2019ರಲ್ಲಿ ಪಶ್ಚಿಮ ಪೆಸಿಫಿಕ್‌ನಲ್ಲಿ ಹಿಂದೆಂದೂ ಇಲ್ಲದಷ್ಟು ಮೀನು ಬಿತ್ತು. ಆ ವರ್ಷದ ಕೊನೆಗೆ ದರ 1,000 ಡಾಲರ್ ಆಸುಪಾಸಿಗೆ ಬಂದು ನಿಂತಿತು. ಎರಡು ವರ್ಷದಲ್ಲಿ ಅರ್ಧ. ಡೀಸೆಲ್ ಖರ್ಚು ಮಾತ್ರ ಅರ್ಧ ಆಗಲಿಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಪೆಸಿಫಿಕ್‌ನ ಪುಟ್ಟ ದ್ವೀಪದೇಶಗಳು ಅಂತ ನನ್ನ ಅಭಿಪ್ರಾಯ. ಕಿರಿಬಾಟಿ, ತುವಾಲು, ನೌರು, ಪಲಾವು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷಿಯಾ, ಸೊಲೊಮನ್ ದ್ವೀಪಗಳು, ಪಪುವಾ ನ್ಯೂಗಿನಿ, ಹೀಗೆ ಎಂಟು ದೇಶಗಳು ತಮ್ಮ ಕಡಲಿನ ಟೂನಾವನ್ನು ಒಟ್ಟಾಗಿ ನೋಡಿಕೊಳ್ಳುವ ನೌರು ಒಪ್ಪಂದದಲ್ಲಿವೆ. 1982ರಲ್ಲಿ ಏಳು ದೇಶಗಳು ಅದನ್ನು ಮಾಡಿಕೊಂಡವು, ತುವಾಲು ಆಮೇಲೆ ಸೇರಿತು. ಮೀನು ಅವರ ಕಡಲಿನದು, ದೊಡ್ಡ ಹಡಗುಗಳು ಬೇರೆ ದೇಶದವರದು. ಅವರು ದಿನಕ್ಕೆ ಇಷ್ಟು ಅಂತ ಕೇಳಿದರು. ವರ್ಷಕ್ಕೆ ಒಟ್ಟು ಇಷ್ಟೇ ಹಡಗು ದಿನ, ಬೇಕಾದವರು ದುಡ್ಡು ಕೊಟ್ಟು ಕೊಳ್ಳಿ ಅಂದರು. 2015ರಿಂದ ಒಂದು ದಿನಕ್ಕೆ ಕನಿಷ್ಠ ದರ 8,000 ಡಾಲರ್. 2010ರಲ್ಲಿ ಎಲ್ಲರಿಗೂ ಸೇರಿ ವರ್ಷಕ್ಕೆ 6 ಕೋಟಿ ಡಾಲರ್‌ನಷ್ಟು ಬರುತ್ತಿತ್ತು. ಹತ್ತು ವರ್ಷದೊಳಗೆ ಅದು 50 ಕೋಟಿ ಡಾಲರ್ ಹತ್ತಿರ ಹೋಯಿತು. ಮೀನು ಎಂಟು ಪಟ್ಟು ಆಗಿ ಬಂದ ದುಡ್ಡಲ್ಲ ಇದು. ಕಿರಿಬಾಟಿ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪರವಾನಗಿಯಿಂದಲೇ ಬರುತ್ತದೆ. ಅವರ ಚಿಂತೆ ಈಗ ಬೇರೆ. ಸ್ಕಿಪ್‌ಜಾಕ್ ಬೆಚ್ಚಗಿನ ನೀರಿನ ಹಿಂದೆ ಹೋಗುವ ಮೀನು. ಎಲ್ ನಿನೋ ವರ್ಷಗಳಲ್ಲಿ ಅದು ಪೂರ್ವಕ್ಕೆ ಸರಿಯುತ್ತದೆ. ಕಡಲು ಬಿಸಿಯಾಗುತ್ತಾ ಹೋದರೆ ಮೀನು ಅವರ ಗಡಿ ದಾಟಿಯೇ ಹೋಗಬಹುದು.

ಇನ್ನು ನನ್ನ ಕೆಲಸದ ವಿಷಯ. ಬೋಟಿನವರ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ.

ಬಂಗುಡೆ, ಬೂತಾಯಿಯ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಟೂನಾ ಹಾಗಲ್ಲ. ಅದರ ಮೈಯೊಳಗೆ ರಕ್ತನಾಳಗಳು ಒಂದಕ್ಕೊಂದು ಒತ್ತಿಕೊಂಡು ಹೆಣೆದ ಹಾಗಿವೆ. ಸ್ನಾಯುವಿನಲ್ಲಿ ಹುಟ್ಟಿದ ಬಿಸಿಯನ್ನು ಅವು ಹೊರಗೆ ಬಿಡುವುದಿಲ್ಲ. ಅದಕ್ಕೇ ಈ ಮೀನು ಅಷ್ಟು ವೇಗವಾಗಿ, ಅಷ್ಟು ದೂರ ಈಜುತ್ತದೆ. ಗಾಳಕ್ಕೋ ಬಲೆಗೋ ಸಿಕ್ಕಿ ತುಂಬಾ ಹೊತ್ತು ಒದ್ದಾಡಿತು ಅಂದುಕೊಳ್ಳಿ. ಮೈ ಕಾಯುತ್ತದೆ, ಮಾಂಸದಲ್ಲಿ ಹುಳಿ ಏರುತ್ತದೆ. ಕೊಯ್ದು ನೋಡಿದರೆ ಮಾಂಸ ಬಿಳಿಚಿಕೊಂಡು, ನೀರು ಬಿಟ್ಟು, ಅರ್ಧ ಬೆಂದ ಹಾಗೆ ಕಾಣುತ್ತದೆ. ಹಸಿಯಾಗಿ ತಿನ್ನುವ ಪೇಟೆಯಲ್ಲಿ ಅದಕ್ಕೆ ಜಾಗ ಇಲ್ಲ. ಡೆಕ್ಕಿನ ಮೇಲೆ ಬಿದ್ದು ಬಡಿದುಕೊಂಡು ಸತ್ತ ಮೀನಿಗೂ ಇದೇ ಗತಿ.

ಸರಿಯಾಗಿ ಮಾಡುವವರು ಏನು ಮಾಡುತ್ತಾರೆ? ಮೀನನ್ನು ಹಾಸಿನ ಮೇಲೆ ಮೆತ್ತಗೆ ಮಲಗಿಸುತ್ತಾರೆ. ಕಣ್ಣು ಮುಚ್ಚುತ್ತಾರೆ, ಆಗ ಅದು ಸುಮ್ನಾಗುತ್ತದೆ. ತಲೆಯ ಮೇಲೆ, ಕಣ್ಣುಗಳ ನಡುವೆ ಇರುವ ಮೆತ್ತನೆ ಜಾಗದಲ್ಲಿ ಚೂಪಾದ ಕಡ್ಡಿ ಚುಚ್ಚಿ ಮೆದುಳನ್ನು ಒಂದೇ ಸಲಕ್ಕೆ ನಿಲ್ಲಿಸುತ್ತಾರೆ. ಎದೆಯ ರೆಕ್ಕೆಯ ಹಿಂದೆ ಸಣ್ಣ ಗಾಯ ಮಾಡಿ ರಕ್ತ ಹರಿಸುತ್ತಾರೆ. ಕಿವಿರು, ಕರುಳು ತೆಗೆದು ತೊಳೆದು ಐಸ್ ಕಲಸಿದ ಸಮುದ್ರದ ನೀರಿಗೆ ಇಳಿಸುತ್ತಾರೆ. ಗಂಟಲ ಒಳಗೂ, ಹೊಟ್ಟೆಯ ಒಳಗೂ ಐಸ್. ನಲವತ್ತು ಕಿಲೋ ಮೀನಿನ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಮೇಲೆ ಒಂದು ಹಿಡಿ ಐಸ್ ಎರಚಿದರೆ ಚರ್ಮ ತಣ್ಣಗಾಗುತ್ತದೆ, ಒಳಗೆ ಬಿಸಿ ಹಾಗೇ ಇರುತ್ತದೆ.

ದಡದಲ್ಲಿ ನಾನು ನೋಡುವುದು ಈ ಮೊದಲ ಒಂದೆರಡು ಗಂಟೆಯ ಗುರುತುಗಳನ್ನು. ತೆಳ್ಳಗಿನ ಲೋಹದ ಕೊಳವೆಯನ್ನು ಎದೆಯ ರೆಕ್ಕೆಯ ಕೆಳಗೆ ತಳ್ಳಿ ಹೊರಗೆಳೆದರೆ ಪೆನ್ಸಿಲ್ಲಿನಷ್ಟು ಮಾಂಸ ಬರುತ್ತದೆ. ಅದನ್ನು ಬೆಳಕಿಗೆ ಹಿಡಿಯುತ್ತೇನೆ. ಒಳ್ಳೆ ಮೀನಿನದು ಕೆಂಪಗೆ, ತಿಳಿಯಾಗಿ, ಹೊಳೆಯುತ್ತದೆ. ಬೆರಳ ನಡುವೆ ಉಜ್ಜಿದರೆ ಜಿಡ್ಡು ಹತ್ತುತ್ತದೆ. ಬಾಲದ ಹತ್ತಿರ ಒಂದು ತುಂಡು ಕೊಯ್ದು ಅದನ್ನೂ ನೋಡುತ್ತೇನೆ. ಒಂದೇ ಬೋಟಿನ, ಒಂದೇ ತೂಕದ ಎರಡು ಯೆಲ್ಲೋಫಿನ್ ಅಕ್ಕಪಕ್ಕ ಮಲಗಿರುತ್ತವೆ. ಒಂದು ವಿಮಾನ ಹತ್ತುತ್ತದೆ, ಇನ್ನೊಂದು ಡಬ್ಬಿ ಕಾರ್ಖಾನೆಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ಮಾಲೀಕರಿಗೇ ಗೊತ್ತಾಗುವುದಿಲ್ಲ.

ಐಸ್ ಕಮ್ಮಿಯಾದರೆ ಬೆಲೆಯ ಜೊತೆ ಆರೋಗ್ಯವೂ ಕೆಡುತ್ತದೆ. ಟೂನಾ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಬಿಸಿಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಒಮ್ಮೆ ಆದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಡಬ್ಬಿಗೆ ಹಾಕಿದರೂ ಹೋಗುವುದಿಲ್ಲ. ಯುರೋಪಿನವರು ಒಂದು ಲಾಟಿನಿಂದ ಒಂಬತ್ತು ಮಾದರಿ ತೆಗೆಯುತ್ತಾರೆ. ಸರಾಸರಿ ಕಿಲೋಗೆ 100 ಮಿಲಿಗ್ರಾಂ ದಾಟಬಾರದು, ಯಾವೊಂದು ಮಾದರಿಯೂ 200 ದಾಟಬಾರದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಕಂಟೇನರ್ ಹೀಗೇ ವಾಪಸ್ ಬಂತು. ಕಾಗದಪತ್ರ ಎಲ್ಲ ಸರಿ, ಶೀತಲಗೃಹವೂ ಸರಿ. ಹುಡುಕುತ್ತಾ ಹೋದರೆ ಬೋಟಿನಲ್ಲಿ ಒಂದು ಮಧ್ಯಾಹ್ನ ಐಸ್ ಮುಗಿದಿತ್ತು. ಆ ಬೋಟು ನಡೆಸುವ ತಂಡೇಲರು ನನ್ನ ಎದುರು ಕೂತು ಅತ್ತಿದ್ದು ಇನ್ನೂ ಕಣ್ಣ ಮುಂದಿದೆ. ತಪ್ಪು ಅವರೊಬ್ಬರದೇ ಆಗಿರಲಿಲ್ಲ. ಐಸ್ ಎಷ್ಟು ಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾವೂ ಹೇಳಿರಲಿಲ್ಲ.

ಕಡಲಿನಲ್ಲಿ ಮೀನು ಎಷ್ಟು ಉಳಿದಿದೆ ಅನ್ನುವುದೂ ಬೆಲೆಯ ಲೆಕ್ಕವೇ. ಅಟ್ಲಾಂಟಿಕ್ ಬ್ಲೂಫಿನ್ ಕಥೆ ಕೇಳಿ. 2010ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸಬೇಕು ಅಂತ ಮೊನಾಕೊ ದೇಶ, ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ ದೋಹಾದಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ ಕೇಳಿತ್ತು. ಅದು ಬಿದ್ದುಹೋಯಿತು. ಆದರೆ ಹೆದರಿಕೆ ಕೆಲಸ ಮಾಡಿತು. ಮೆಡಿಟರೇನಿಯನ್ ಮತ್ತು ಪೂರ್ವ ಅಟ್ಲಾಂಟಿಕ್‌ನ ಕೋಟಾವನ್ನು 2011ಕ್ಕೆ 12,900 ಟನ್ನಿಗೆ ಇಳಿಸಿದರು. ಮೀನು ಚೇತರಿಸಿತು. 2023ರ ಹೊತ್ತಿಗೆ ಕೋಟಾ 40,570 ಟನ್. ಪೆಸಿಫಿಕ್ ಬ್ಲೂಫಿನ್ ಮೊದಲಿದ್ದ ಪ್ರಮಾಣದ ನೂರಕ್ಕೆ ಎರಡಕ್ಕೆ ಇಳಿದಿತ್ತು. 2034ರೊಳಗೆ ಇಪ್ಪತ್ತಕ್ಕೆ ತರಬೇಕು ಅಂತ ಗುರಿ ಇಟ್ಟರು, 2021ಕ್ಕೇ ಅಲ್ಲಿಗೆ ಮುಟ್ಟಿತು. ಹಿಡಿಯುವುದನ್ನು ಬಿಗಿ ಮಾಡಿದರೆ ಟೂನಾ ವಾಪಸ್ ಬರುತ್ತದೆ. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಸಂತೋಷದ ಸುದ್ದಿ ಇದು.

ನಮ್ಮ ಹಿಂದೂ ಮಹಾಸಾಗರದಲ್ಲಿ ಈ ಬಿಗಿ ಸಾಲದು. ಇಲ್ಲಿಯ ಟೂನಾ ನೋಡಿಕೊಳ್ಳುವ ಆಯೋಗದ ಕಚೇರಿ ಸೆಶೆಲ್ಸ್‌ನಲ್ಲಿದೆ, ಭಾರತವೂ ಸದಸ್ಯ. 2018ರಿಂದ 2020ರವರೆಗೆ ಸ್ಕಿಪ್‌ಜಾಕ್‌ಗೆ ವರ್ಷಕ್ಕೆ 4,70,029 ಟನ್ ಮಿತಿ ಹಾಕಿದ್ದರು. ಮೊದಲ ವರ್ಷವೇ ಹಿಡಿದಿದ್ದು 6 ಲಕ್ಷ ಟನ್ ದಾಟಿತು. ಸ್ಕಿಪ್‌ಜಾಕ್ ಬೇಗ ಬೆಳೆದು ಬೇಗ ಮೊಟ್ಟೆ ಇಡುವ ಮೀನು, ತಡೆದುಕೊಂಡಿತು. ಆದರೆ ಮೀನು ಬಂದು ಸೇರಲಿ ಅಂತ ಕಡಲಿನಲ್ಲಿ ತೇಲಿಬಿಟ್ಟ ತೆಪ್ಪಗಳ ಕೆಳಗೆ ಅದರ ಜೊತೆ ಮರಿ ಯೆಲ್ಲೋಫಿನ್, ಮರಿ ಬಿಗ್‌ಐ ಕೂಡ ಸೇರಿರುತ್ತವೆ. ಸುತ್ತುಬಲೆ ಎಳೆದರೆ ಎಲ್ಲವೂ ಬರುತ್ತವೆ. ನಾಳೆ ನಲವತ್ತು ಕಿಲೋ ಆಗಬೇಕಿದ್ದ ಮೀನು ಇವತ್ತು ಮೂರು ಕಿಲೋಗೇ ಡಬ್ಬಿಗೆ ಹೋಗುತ್ತದೆ. ಇದು ನನಗೆ ಸಹಿಸಲಾಗದ ನಷ್ಟ.

ನಮ್ಮ ಪಕ್ಕದಲ್ಲೇ ಬೇರೆ ದಾರಿಯೂ ಇದೆ. ಮಾಲ್ದೀವ್ಸ್ ಮತ್ತು ಲಕ್ಷದ್ವೀಪದಲ್ಲಿ ಜೀವಂತ ಸಣ್ಣ ಮೀನನ್ನು ನೀರಿಗೆ ಎಸೆದು, ಕೋಲಿಗೆ ಕಟ್ಟಿದ ಗಾಳದಿಂದ ಸ್ಕಿಪ್‌ಜಾಕ್ ಅನ್ನು ಒಂದೊಂದಾಗಿ ಎತ್ತುತ್ತಾರೆ. ಮಾಲ್ದೀವ್ಸ್‌ನ ಈ ಮೀನುಗಾರಿಕೆಗೆ 2012ರಲ್ಲಿ, ಕಡಲನ್ನು ಬರಿದು ಮಾಡದೆ ಮೀನು ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು. ಹೀಗೆ ಹಿಡಿದ ಮೀನೇ ಬೇಕು ಅನ್ನುವ ಗಿರಾಕಿಗಳು ಯುರೋಪಿನಲ್ಲಿದ್ದಾರೆ. ಲಕ್ಷದ್ವೀಪದವರು ಅದನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಕಟ್ಟಿಗೆಯ ಹಾಗೆ ಗಟ್ಟಿ ಮಾಡುತ್ತಾರೆ. ಅದಕ್ಕೆ ಮಾಸ್ ಅಂತ ಹೆಸರು. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ತೆಂಗಿನ ನಾರು ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದ ಕಾಲ ಅದು.

ಆ ಬೋಟಿನ ಮಾಲೀಕರಿಗೆ ನಾನು ಇದೆಲ್ಲ ಒಂದೇ ದಿನ ಹೇಳಲಿಲ್ಲ. ಒಂದು ಚೂಪು ಕಡ್ಡಿ ಕೊಟ್ಟೆ, ಎಲ್ಲಿ ಚುಚ್ಚಬೇಕು ಅಂತ ಸತ್ತ ಮೀನಿನ ಮೇಲೆ ತೋರಿಸಿದೆ. ಐಸ್ ಲೆಕ್ಕ ಬರೆದುಕೊಟ್ಟೆ. ಕಳೆದ ಸೀಸನ್ನಿನಲ್ಲಿ ಫೋನ್ ಬಂತು. ಏಳು ಯೆಲ್ಲೋಫಿನ್ ಸಿಕ್ಕಿದ್ದವು, ಮೂರಕ್ಕೆ ಹೇಳಿದ ಹಾಗೆ ಮಾಡಿದ್ದರು. ಹೋಗಿ ಕೊಳವೆ ಇಳಿಸಿ ನೋಡಿದೆ. ಮೂರರಲ್ಲಿ ಎರಡು ದಾಸವಾಳದಷ್ಟು ಕೆಂಪು. ಕೊಚ್ಚಿಯಿಂದ ಬಂದಿದ್ದ ಖರೀದಿದಾರರು ಆ ಎರಡನ್ನು ಬೇರೆ ಇಡಿಸಿ ಬೇರೆ ದರ ಹೇಳಿದರು. ಉಳಿದ ನಾಲ್ಕಕ್ಕೆ ಯಾಕೆ ಮಾಡಲಿಲ್ಲ ಅಂತ ಕೇಳಿದೆ.

"ಐಸ್ ಸಾಕಾಗ್ಲಿಲ್ಲ ಸರ್" ಅಂದರು. "ಮುಂದಿನ ಸಲ ಬಲೆ ಒಂದು ಕಮ್ಮಿ ಹಾಕಿ ಐಸ್ ಜಾಸ್ತಿ ತುಂಬಿಸ್ತೇನೆ."